ಸೋಣನ ಪಾದ, ನಮ್ಮ ಹುಡುಗಿಯ ಹಿಮ್ಮಡಿ

*ದಿನದ ಧಮ್ಮ ಚಿಂತನೆ*
*ಈ ವಾರದ ವಿಷಯ: ವಿರಿಯ ಪಾರಮಿ*



ದಶ ಪಾರಮಿಗಳಲ್ಲಿ ಐದನೆಯದಾದ ವಿರಿಯವನ್ನು ಈ ವಾರ ಓದುತ್ತಿದ್ದೇವೆ. ವಿರಿಯ ಎಂದರೆ ಬಿಡದೆ ಮಾಡುವ ಪ್ರಯತ್ನ, ಉತ್ಸಾಹ. ಇಂದಿನ ಪಾಠ ಬರೆಯುವ ಸರದಿ ನನ್ನದು. ಸ್ವಲ್ಪ ಉದ್ದವಾಗಿದೆ, ಬಿಡುವಾದಾಗ ಓದಿ. ಶಾಲೆಯ ಮೈದಾನದಿಂದ ಶುರು ಮಾಡುತ್ತೇನೆ. ಈ ಪಾಠವನ್ನು ನಾನು ಕಲಿತದ್ದು ಅಲ್ಲಿಯೇ, ಅದೂ ತಪ್ಪು ಮಾಡಿ.

*1. ನಾನು ಮಾಡಿದ ತಪ್ಪು*

ನಮ್ಮದು ಎರಿ ಹೊಲಗಳ ನಡುವಿನ ಊರು. ನಾನು ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುವವಳು. ಒಂದು ವರ್ಷ ದೈಹಿಕ ಶಿಕ್ಷಕರು ಇರಲಿಲ್ಲವಾದ್ದರಿಂದ ಆಟದ ಜವಾಬ್ದಾರಿ ನನ್ನ ಪಾಲಿಗೆ ಬಂತು. ಒಂಬತ್ತನೆಯ ತರಗತಿಯ ಒಬ್ಬ ಹುಡುಗಿ ಆ ವರ್ಷ ವಲಯ ಮಟ್ಟದ 1500 ಮೀಟರ್ ಓಟದಲ್ಲಿ ಮೊದಲು ಬಂದಳು. ಇಡೀ ಶಾಲೆಗೆ ಹಬ್ಬವಾಯಿತು. ತಾಲ್ಲೂಕು ಮಟ್ಟದ ಕ್ರೀಡಾಕೂಟಕ್ಕೆ ಇನ್ನು ಹದಿನೈದು ದಿನ ಇತ್ತು.

ಓಟದ ತರಬೇತಿ ಬಗ್ಗೆ ನನಗೆ ಏನೂ ಗೊತ್ತಿರಲಿಲ್ಲ. ಉತ್ಸಾಹ ಮಾತ್ರ ಬಹಳ ಇತ್ತು. ಬೆಳಿಗ್ಗೆ ಓಡಿಸಿದೆ, ಸಂಜೆ ಓಡಿಸಿದೆ. ಒಂದು ದಿನವೂ ಬಿಡುವು ಕೊಡಲಿಲ್ಲ. ಅದು ಹೆಸರು ಬಿಡಿಸುವ ಸುಗ್ಗಿ. ರಜೆಯ ದಿನ ಆಕೆ ತಾಯಿಯ ಜೊತೆ ಹೊಲದಲ್ಲಿ ದಿನವಿಡೀ ಬಗ್ಗಿ ದುಡಿದು, ಸಂಜೆ ಬಂದು ಓಡುತ್ತಿದ್ದಳು. ಮಳೆಯಾದ ಮರುದಿನ ಎರಿ ಮಣ್ಣು ಕಾಲಿಗೆ ಮೆತ್ತಿಕೊಂಡು ಒಂದೊಂದು ಹೆಜ್ಜೆಯೂ ಒಂದೊಂದು ಸೇರಿನಷ್ಟು ಭಾರವಾಗುತ್ತದೆ ಎಂಬುದು ನಿಮಗೆಲ್ಲ ಗೊತ್ತು. ಆ ದಿನವೂ ಬಿಡಲಿಲ್ಲ. ಮೊಬೈಲಿನಲ್ಲಿ ಬಂದಿದ್ದ ಒಂದು ಸುಭಾಷಿತವನ್ನು ಹಲಗೆಯ ಮೇಲೆ ಬರೆದು, ದೇಹ ದಣಿದರೂ ಮನಸ್ಸು ದಣಿಯಬಾರದು ಎಂದು ಭಾಷಣ ಮಾಡಿದೆ.

ತಾಲ್ಲೂಕು ಮಟ್ಟದ ದಿನ ಆಕೆ ಎರಡು ಸುತ್ತು ಮುಂದೆಯೇ ಇದ್ದಳು. ಮೂರನೆಯ ಸುತ್ತಿನಲ್ಲಿ ಹಿಂದೆ ಬಿದ್ದಳು. ಕೊನೆಯ ಸುತ್ತಿನಲ್ಲಿ ಗೆರೆ ದಾಟಿ ಹೊರಗೆ ಬಂದು ಕುಳಿತುಬಿಟ್ಟಳು. ನಾನು ಓಡಿಹೋದೆ. ಏನಾಯಿತು ಎಂದು ಕೇಳಲಿಲ್ಲ. "ಅಳಬ್ಯಾಡ. ಮನಸ್ಸು ಗಟ್ಟಿ ಇರಬೇಕವ್ವಾ. ಇಷ್ಟಕ್ಕ ಕುಂತ್ರ ಹೆಂಗ?" ಎಂದೆ. ಆಕೆ ಏನೂ ಹೇಳಲಿಲ್ಲ.

ಬಸ್ಸಿನಲ್ಲಿ ಬರುವಾಗ ಆಕೆ ಬೂಟು ಕಳಚಿದಳು. ಬೂಟು ಅಣ್ಣನದು. ಒಂದು ಅಳತೆ ದೊಡ್ಡದು, ಮುಂದೆ ಬಟ್ಟೆ ತುರುಕಿದ್ದಳು. ಹಿಮ್ಮಡಿಯ ಚರ್ಮ ಕಿತ್ತು ಬಂದಿತ್ತು. ಸಾಕ್ಸಿಗೆ ರಕ್ತ ಅಂಟಿ ಒಣಗಿತ್ತು.

"ಎಷ್ಟ ದಿನದಿಂದ ಹಿಂಗೈತಿ? ಯಾಕ ಹೇಳಲಿಲ್ಲ?" ಎಂದು ಕೇಳಿದೆ.

"ಮನಸ್ಸು ಗಟ್ಟಿ ಇರಬೇಕು ಅಂತ ನೀವ ಹೇಳಿದ್ರೆಲ್ರೀ ಟೀಚರ್."

ಆ ಮಾತಿಗೆ ಇವತ್ತಿಗೂ ನನ್ನ ಬಳಿ ಉತ್ತರ ಇಲ್ಲ. ಮರುವಾರದಿಂದ ಆಕೆ ಮೈದಾನಕ್ಕೆ ಬರಲಿಲ್ಲ. ಕರೆದರೆ, "ನಾ ಇನ್ನ ಓಡಂಗಿಲ್ರೀ" ಎಂದಳು.

*2. ಬುದ್ಧಗುರು ಸೋಣನಿಗೆ ಹೇಳಿದ್ದು*

ಅದೇ ತಿಂಗಳು ಬಳಗದಲ್ಲಿ ಅಂಗುತ್ತರ ನಿಕಾಯದ ಸೋಣ ಸುತ್ತವನ್ನು ಓದಿದೆವು. ಹಲವರಿಗೆ ನೆನಪಿರಬಹುದು. ನನಗಂತೂ ಅದನ್ನು ನನಗಾಗಿಯೇ ಹೇಳಿದಂತೆ ಕೇಳಿಸಿತು.

ಸೋಣ ಕೋಳಿವಿಸ ದೊಡ್ಡ ಶ್ರೀಮಂತರ ಮಗ. ಅಂಗಾಲಿನಲ್ಲಿ ಕೂದಲು ಬೆಳೆಯುವಷ್ಟು ಸುಕುಮಾರವಾಗಿ ಬೆಳೆದವನು. ಭಿಕ್ಖುವಾದ ಮೇಲೆ ರಾಜಗೃಹದ ಸೀತವನದಲ್ಲಿ ಹಗಲಿರುಳು ನಡೆಯುತ್ತಾ ಧ್ಯಾನ ಮಾಡಿದ. ಪಾದ ಒಡೆದು ನಡೆಯುವ ದಾರಿಯೆಲ್ಲ ರಕ್ತವಾಯಿತು. ಆದರೂ ಮನಸ್ಸು ಬಿಡುಗಡೆ ಆಗಲಿಲ್ಲ. ಆಗ ಅವನಿಗೆ ಅನ್ನಿಸಿತು: ಇಷ್ಟು ಕಷ್ಟಪಟ್ಟರೂ ಫಲ ಇಲ್ಲ. ಮನೆಯಲ್ಲಿ ಬೇಕಾದಷ್ಟು ಆಸ್ತಿ ಇದೆ. ಮರಳಿ ಹೋಗಿ ದಾನಧರ್ಮ ಮಾಡಿಕೊಂಡು ಇರೋಣ.

ಗಮನಿಸಿ, ಬಿಟ್ಟುಬಿಡಬೇಕು ಎಂಬ ಯೋಚನೆ ಬಂದದ್ದು ಸೋಮಾರಿಗೆ ಅಲ್ಲ. ಎಲ್ಲರಿಗಿಂತ ಹೆಚ್ಚು ಪ್ರಯತ್ನ ಮಾಡಿದವನಿಗೆ.

ಬುದ್ಧಗುರು ಅವನಿದ್ದಲ್ಲಿಗೇ ಬಂದರು. ಮನಸ್ಸು ಗಟ್ಟಿ ಮಾಡಿಕೋ ಎಂದು ಉಪದೇಶಿಸಲಿಲ್ಲ. ಅವನಿಗೆ ಗೊತ್ತಿದ್ದ ವಿದ್ಯೆಯನ್ನೇ ಎತ್ತಿಕೊಂಡು ಕೇಳಿದರು: ಮನೆಯಲ್ಲಿದ್ದಾಗ ನೀನು ವೀಣೆ ನುಡಿಸುತ್ತಿದ್ದೆಯಲ್ಲವೇ? ತಂತಿ ಅತಿಯಾಗಿ ಬಿಗಿದಿದ್ದರೆ ನಾದ ಬರುತ್ತಿತ್ತೇ? ಸಡಿಲವಾಗಿದ್ದರೆ? ಎರಡಕ್ಕೂ ಸೋಣ ಇಲ್ಲ ಎಂದ. ಬಿಗಿಯೂ ಅಲ್ಲದೆ ಸಡಿಲವೂ ಅಲ್ಲದೆ ಹದವಾಗಿದ್ದರೆ? ಆಗ ಬರುತ್ತಿತ್ತು ಎಂದ. ಪ್ರಯತ್ನವೂ ಹಾಗೆಯೇ ಎಂದರು ಬುದ್ಧಗುರು. ಅತಿಯಾದರೆ ಮನಸ್ಸು ಕದಡುತ್ತದೆ, ಕಡಿಮೆಯಾದರೆ ಜಡವಾಗುತ್ತದೆ. ಸೋಣ ಆ ಹದವನ್ನು ಹಿಡಿದು ಮುಂದುವರಿದ, ಗುರಿ ಮುಟ್ಟಿದ.

ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಹುಡುಗರು ತಂಬೂರಿಗೆ ಶ್ರುತಿ ಕೂಡಿಸುವುದನ್ನು ನೋಡಿದವರಿಗೆ ಈ ಉಪಮೆ ಬೇಗ ಹತ್ತಿರವಾಗುತ್ತದೆ. ಶ್ರುತಿಯನ್ನು ಒಮ್ಮೆ ಕೂಡಿಸಿದರೆ ಮುಗಿಯುವುದಿಲ್ಲ. ಹವೆ ಬದಲಾದರೂ ತಂತಿ ಇಳಿಯುತ್ತದೆ. ಕಿವಿಗೊಟ್ಟು ಮತ್ತೆ ಮತ್ತೆ ಕೂಡಿಸಬೇಕು. ನಾನು ಆ ಹುಡುಗಿಗೆ ಕಿವಿಯನ್ನೇ ಕೊಟ್ಟಿರಲಿಲ್ಲ.

ಓಟದ ದೇಹಕ್ಕೂ ಇದೇ ನಿಯಮ. ದಣಿದ ಸ್ನಾಯು ಬಲವಾಗುವುದು ಓಡುವಾಗ ಅಲ್ಲ, ಓಡಿದ ಮೇಲಿನ ವಿಶ್ರಾಂತಿ ಮತ್ತು ನಿದ್ದೆಯಲ್ಲಿ. ವಿಶ್ರಾಂತಿ ಕೊಡದ ತರಬೇತಿ, ಬೀಜ ಬಿತ್ತಿ ಮೊಳಕೆ ಬಂತೋ ಇಲ್ಲವೋ ಎಂದು ದಿನಾ ಕೆದಕಿ ನೋಡಿದ ಹಾಗೆ.

*3. ಪಾದರಕ್ಷೆಯ ಪ್ರಸಂಗ*

ಸೋಣನ ಕಥೆ ವಿನಯ ಪಿಟಕದ ಮಹಾವಗ್ಗದಲ್ಲೂ ಬರುತ್ತದೆ. ಅಲ್ಲಿ ಇನ್ನೊಂದು ತುದಿ ಇದೆ. ನಾವು ವೀಣೆಯ ಉಪಮೆಯನ್ನು ಮಾತ್ರ ಹೇಳಿ ಇದನ್ನು ಬಿಟ್ಟುಬಿಡುತ್ತೇವೆ.

ಬುದ್ಧಗುರು ಸೋಣನಿಗೆ, ನೀನು ಸುಕುಮಾರ, ಒಂದು ಪದರದ ಪಾದರಕ್ಷೆ ಹಾಕಿಕೋ ಎಂದು ಅನುಮತಿ ಕೊಟ್ಟರು. ಸೋಣ ಒಪ್ಪಲಿಲ್ಲ. ಎಂಬತ್ತು ಬಂಡಿ ಬಂಗಾರ ಬಿಟ್ಟು ಬಂದವನು ಈಗ ಪಾದರಕ್ಷೆಗೆ ಅಂಟಿಕೊಂಡ ಎಂದು ಜನ ಆಡಿಕೊಂಡಾರು, ಸಂಘಕ್ಕೆಲ್ಲ ಅನುಮತಿ ಕೊಟ್ಟರೆ ನಾನೂ ಹಾಕಿಕೊಳ್ಳುತ್ತೇನೆ, ಇಲ್ಲವಾದರೆ ಬೇಡ ಎಂದ. ಆಗ ಇಡೀ ಭಿಕ್ಖು ಸಂಘಕ್ಕೆ ಪಾದರಕ್ಷೆಯ ಅನುಮತಿ ಸಿಕ್ಕಿತು.

ಇಲ್ಲಿ ಎರಡು ಮಾತು ಇವೆ. ಮೊದಲನೆಯದು, ರಕ್ತ ಸುರಿಯುವ ಪಾದವನ್ನು ಕಂಡ ಗುರು ಮನಸ್ಸನ್ನು ಹದ ಮಾಡಿದ್ದಲ್ಲದೆ ಪಾದಕ್ಕೂ ದಾರಿ ಮಾಡಿದರು. ಮಕ್ಕಳಿಗೆ ತಾಳ್ಮೆ ಕಲಿಸುವ ನಾವು ಅವರ ಕಾಲನ್ನೂ ನೋಡಬೇಕು. ಎರಡನೆಯದು, ಸೋಣ ಒಬ್ಬನಿಗೇ ಸಿಕ್ಕ ಸವಲತ್ತನ್ನು ಎಲ್ಲರದ್ದನ್ನಾಗಿ ಮಾಡಿದ. ಇದೂ ಒಂದು ಗಟ್ಟಿತನ.

*4. ಛಲ ಬೇರೆ, ವಿರಿಯ ಬೇರೆ*

ಕನ್ನಡದಲ್ಲಿ ನಾವು ಇದಕ್ಕೆಲ್ಲ ಸುಲಭವಾಗಿ ಛಲ ಎಂಬ ಮಾತನ್ನು ಬಳಸುತ್ತೇವೆ. ಹಳಗನ್ನಡ ಪಾಠ ಮಾಡುವ ನನಗೆ ಛಲ ಎಂದಕೂಡಲೇ ರನ್ನನ ಗದಾಯುದ್ಧದ ದುರ್ಯೋಧನ ಎದುರಿಗೆ ಬರುತ್ತಾನೆ. ಅವನ ಛಲ ದೊಡ್ಡದು, ಕವಿಗೂ ಅದರ ಮೇಲೆ ಮೆಚ್ಚುಗೆ ಇದೆ. ಆದರೆ ಆ ಛಲಕ್ಕೆ ಎದುರಿಗೆ ಒಬ್ಬ ಭೀಮ ಬೇಕೇ ಬೇಕು. ಎದುರಾಳಿ ಇಲ್ಲದಿದ್ದರೆ ಅದಕ್ಕೆ ಉರಿಯಲು ಎಣ್ಣೆ ಇಲ್ಲ. ಬಸವಣ್ಣನವರು ಅದೇ ಮಾತನ್ನು ಹಿಡಿದು ಬೇರೆ ಕಡೆ ತಿರುಗಿಸಿದರು. ಪರರದ್ದನ್ನು ಮುಟ್ಟೆನೆಂಬ ನಿಶ್ಚಯಕ್ಕೆ ಛಲ ಎಂದರು. ಆಗ ಅದು ವಿರಿಯಕ್ಕೆ ಹತ್ತಿರ ಬಂತು.

ವಿರಿಯಕ್ಕೆ ಎದುರಾಳಿ ಬೇಡ. ನಿನ್ನೆಯ ಅಭ್ಯಾಸವನ್ನು ಇವತ್ತು ಮತ್ತೆ ಮಾಡುವುದಷ್ಟೇ ಅದರ ಕೆಲಸ. ಯಾರೂ ನೋಡದಿದ್ದರೂ ಮಾಡುತ್ತದೆ. ಸೋತ ಮರುದಿನವೂ ಮಾಡುತ್ತದೆ, ಗೆದ್ದ ಮರುದಿನವೂ ಮಾಡುತ್ತದೆ. ಗೆದ್ದ ಮರುದಿನ ಮಾಡುವುದೇ ಹೆಚ್ಚು ಕಷ್ಟ ಎಂದು ನನಗೆ ಅನ್ನಿಸುತ್ತದೆ.

*5. ನಮ್ಮ ನೆಲದ ಇಬ್ಬರು ಎಡಗೈ ಬೌಲರುಗಳು*

ಮಕ್ಕಳಿಗೆ ಹೇಳಲು ದೂರದ ಉದಾಹರಣೆ ಬೇಡ. ನಮ್ಮ ಗದಗ 1997ರವರೆಗೆ ಧಾರವಾಡ ಜಿಲ್ಲೆಯಲ್ಲೇ ಇತ್ತು. ಆ ಹಳೆಯ ಜಿಲ್ಲೆಯ ಇಬ್ಬರನ್ನು ನೆನೆಯೋಣ.

ಗದಗಿನ *ಸುನಿಲ್ ಜೋಶಿ* ಹುಡುಗನಾಗಿದ್ದಾಗ ನಸುಕಿನಲ್ಲಿ ಹುಬ್ಬಳ್ಳಿಗೆ ಹೋಗಿ ಅಭ್ಯಾಸ ಮಾಡಿ, ಮರಳಿ ಗದಗಿಗೆ ಬಂದು ಶಾಲೆಗೆ ಕೂಡುತ್ತಿದ್ದರು. 1996ರಲ್ಲಿ ಇಂಗ್ಲೆಂಡಿನ ಎಜ್‌ಬಾಸ್ಟನ್‌ನಲ್ಲಿ ಭಾರತಕ್ಕಾಗಿ ಮೊದಲ ಟೆಸ್ಟ್ ಆಡಿದರು. ಅಷ್ಟು ವರ್ಷ ಕಾದು ಸಿಕ್ಕ ಆ ಪಂದ್ಯದಲ್ಲಿ ಬೆರಳಿಗೆ ಪೆಟ್ಟಾಗಿ ಒಂದು ಓವರ್ ಕೂಡ ಹಾಕಲಾಗಲಿಲ್ಲ. ಅಲ್ಲಿಗೇ ಮನಸ್ಸು ಮುರಿಯಬಹುದಿತ್ತು. 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾದ ವಿರುದ್ಧ 10 ಓವರ್‌ಗಳಲ್ಲಿ ಕೇವಲ 6 ರನ್ ಕೊಟ್ಟು 5 ವಿಕೆಟ್ ಪಡೆದರು. 2000ದಲ್ಲಿ ಢಾಕಾದಲ್ಲಿ ಬಾಂಗ್ಲಾದೇಶ ಆಡಿದ ಮೊಟ್ಟಮೊದಲ ಟೆಸ್ಟಿನಲ್ಲಿ 92 ರನ್ ಹೊಡೆದು 8 ವಿಕೆಟ್ ತೆಗೆದು ಪಂದ್ಯಶ್ರೇಷ್ಠರಾದರು. ಒಟ್ಟು ಆಡಿದ್ದು 15 ಟೆಸ್ಟ್. ತಂಡದ ಒಳಗೆ ಹೊರಗೆ ಆಗುತ್ತಲೇ ಇದ್ದರು. ಆದರೂ ಚೆಂಡು ಕೆಳಗಿಡಲಿಲ್ಲ.

ಇನ್ನೊಬ್ಬರು *ಪಾಲವಣಕರ ಬಾಲೂ*. 1870ರ ದಶಕದಲ್ಲಿ ಧಾರವಾಡದಲ್ಲಿ ಹುಟ್ಟಿದವರು, ಚಮ್ಮಾರ ಸಮುದಾಯದ ಮನೆಯ ಮಗ. ಬೆಳೆದದ್ದು ಪುಣೆಯಲ್ಲಿ. ಅಲ್ಲಿ ಬಿಳಿಯರ ಕ್ಲಬ್ಬಿನಲ್ಲಿ ತಿಂಗಳಿಗೆ ನಾಲ್ಕು ರೂಪಾಯಿಗೆ ಪಿಚ್ ಉರುಳಿಸಿ, ಬಲೆ ಕಟ್ಟುವ ಕೆಲಸ. ಅಭ್ಯಾಸಕ್ಕೆ ಬಂದ ಸಾಹೇಬರಿಗೆ ಗಂಟೆಗಟ್ಟಲೆ ಬೌಲ್ ಮಾಡಬೇಕು. ಬ್ಯಾಟ್ ಮಾತ್ರ ಇವರ ಕೈಗೆ ಕೊಡುತ್ತಿರಲಿಲ್ಲ. ಆ ದುಡಿಮೆಯನ್ನೇ ಬಾಲೂ ತಮ್ಮ ವಿದ್ಯೆಯಾಗಿ ಮಾಡಿಕೊಂಡರು.

ಪುಣೆಯ ಹಿಂದೂ ತಂಡಕ್ಕೆ ಅವರ ಬೌಲಿಂಗ್ ಬೇಕಾಗಿತ್ತು. ಮೈದಾನದಲ್ಲಿ ಅವರು ಮುಟ್ಟಿದ ಚೆಂಡನ್ನು ಎಲ್ಲರೂ ಮುಟ್ಟುತ್ತಿದ್ದರು. ಚಹಾದ ಹೊತ್ತಿಗೆ ಮಾತ್ರ ಉಳಿದವರಿಗೆ ಒಳಗೆ ಪಿಂಗಾಣಿ ಕಪ್ಪು, ಬಾಲೂ ಅವರಿಗೆ ಹೊರಗೆ ಮಣ್ಣಿನ ಕುಡಿಕೆ. 1906ರಲ್ಲಿ ಮುಂಬಯಿಯಲ್ಲಿ ಹಿಂದೂ ತಂಡ ಯುರೋಪಿಯನ್ನರನ್ನು ಸೋಲಿಸಿದಾಗ ಆ ಗೆಲುವಿಗೆ ಇವರ ಬೌಲಿಂಗೇ ದೊಡ್ಡ ಆಸರೆ. 1911ರಲ್ಲಿ ಇಂಗ್ಲೆಂಡಿಗೆ ಹೋದ ಅಖಿಲ ಭಾರತ ತಂಡ ಗೆದ್ದದ್ದಕ್ಕಿಂತ ಸೋತದ್ದೇ ಹೆಚ್ಚು, ಆದರೆ ಬಾಲೂ ಒಬ್ಬರೇ 114 ವಿಕೆಟ್ ತೆಗೆದರು. ಇಷ್ಟಾದರೂ ನಾಯಕತ್ವ ಮಾತ್ರ ಅವರ ಕೈಗೆ ಬರಲಿಲ್ಲ. 1920ರಲ್ಲಿ ಈ ಪಕ್ಷಪಾತವನ್ನು ಪ್ರತಿಭಟಿಸಿ ತಮ್ಮಂದಿರಾದ ಶಿವರಾಮ ಮತ್ತು ವಿಠ್ಠಲ ತಂಡದಿಂದ ಹೊರಗೆ ನಿಂತರು. 1923ರಲ್ಲಿ ವಿಠ್ಠಲ ಹಿಂದೂ ತಂಡದ ನಾಯಕರಾದರು.

ಯುವಕ ಅಂಬೇಡ್ಕರರಿಗೆ ಬಾಲೂ ಬಗ್ಗೆ ಬಹಳ ಅಭಿಮಾನ ಇತ್ತು. ಮುಂದೆ ರಾಜಕೀಯದಲ್ಲಿ ಇಬ್ಬರ ದಾರಿ ಬೇರೆಯಾಯಿತು. 1937ರ ಚುನಾವಣೆಯಲ್ಲಿ ಬಾಲೂ ಬಾಬಾಸಾಹೇಬರ ವಿರುದ್ಧವೇ ನಿಂತು ಸೋತರು. ಆ ಭಿನ್ನಾಭಿಪ್ರಾಯವನ್ನು ಮುಚ್ಚಿಡುವುದು ಬೇಡ. ಅದರಿಂದ ಬಾಲೂ ಅವರ ಮೈದಾನದ ಸಾಧನೆ ಚಿಕ್ಕದಾಗುವುದಿಲ್ಲ.

ನನಗೆ ಈ ಅಣ್ಣತಮ್ಮಂದಿರ ಕಥೆಯಲ್ಲಿ ವಿರಿಯದ ಎರಡು ಮುಖ ಕಾಣುತ್ತವೆ. ಒಂದು, ವರ್ಷಗಟ್ಟಲೆ ಚೆಂಡು ಹಾಕುತ್ತಲೇ ಇದ್ದದ್ದು. ಇನ್ನೊಂದು, ಹೊತ್ತು ಬಂದಾಗ ಆಡುವುದಿಲ್ಲ ಎಂದು ಹೊರಗೆ ನಿಂತದ್ದು. ಆಡದೆ ನಿಲ್ಲುವುದೂ ಒಮ್ಮೊಮ್ಮೆ ಪ್ರಯತ್ನವೇ.

*6. ಎಲ್ಲ ನೋವೂ ಕರ್ಮವಲ್ಲ*

ಸೋಲಿನ ಬಗ್ಗೆ ಬುದ್ಧಗುರುವಿನ ಎರಡು ಬಾಣದ ಉಪಮೆ ನಮಗೆ ಗೊತ್ತು. ಮೊದಲ ಬಾಣ ದೇಹಕ್ಕೆ ತಾಗುತ್ತದೆ. ತಿಳಿವಿಲ್ಲದವನು ಅದರ ಮೇಲೆ ಗೋಳಾಡಿ ಮನಸ್ಸಿಗೆ ಎರಡನೆಯದನ್ನು ಹೊಡೆದುಕೊಳ್ಳುತ್ತಾನೆ. ಓಟದಲ್ಲಿ ಹಿಂದೆ ಬೀಳುವುದು ಮೊದಲನೆಯದು. ನಾನು ಕೈಲಾಗದವಳು, ನಮ್ಮಂಥವರಿಗೆ ಇದೆಲ್ಲ ಆಗದು ಎನ್ನುವುದು ಎರಡನೆಯದು. ಅಭ್ಯಾಸದಿಂದ ಈ ಎರಡನೆಯ ಬಾಣವನ್ನು ತಪ್ಪಿಸಬಹುದು. ಅದಕ್ಕೇ ಆಟ ಒಳ್ಳೆಯ ಪಾಠಶಾಲೆ. ಅಲ್ಲಿ ವಾರಕ್ಕೊಮ್ಮೆ ಸೋಲು ಸಿಗುತ್ತದೆ, ಸೋತರೂ ಸಂಜೆಗೆ ರೊಟ್ಟಿ ಊಟ ಇದ್ದೇ ಇರುತ್ತದೆ.

ಆದರೆ ಎರಡನೆಯ ಬಾಣವನ್ನು ಯಾವಾಗಲೂ ಮಗುವೇ ಹೊಡೆದುಕೊಳ್ಳುವುದಿಲ್ಲ. ಆ ದಿನ ಮೈದಾನದಲ್ಲಿ ಅದನ್ನು ಹೊಡೆದವಳು ನಾನು.

ಇನ್ನೊಂದು ಎಚ್ಚರವೂ ಬೇಕು. ಮೋಳಿಯ ಸೀವಕ ಎಂಬ ಪರಿವ್ರಾಜಕ ಬಂದು, ಮನುಷ್ಯ ಅನುಭವಿಸುವ ಸುಖದುಃಖವೆಲ್ಲ ಹಿಂದಿನ ಕರ್ಮದಿಂದಲೇ ಎನ್ನುವವರಿದ್ದಾರೆ, ತಾವೇನು ಹೇಳುತ್ತೀರಿ ಎಂದು ಕೇಳಿದ. ಬುದ್ಧಗುರು ಆ ಮಾತನ್ನು ಒಪ್ಪಲಿಲ್ಲ. ಪಿತ್ತ, ಕಫ, ವಾತ, ಹವಾಮಾನದ ಬದಲಾವಣೆ, ಬೇರೆಯವರ ಹೊಡೆತ, ಹೀಗೆ ಹಲವು ಕಾರಣ ಹೇಳಿ, ಅವುಗಳ ಸಾಲಿನಲ್ಲಿ ಕರ್ಮವನ್ನೂ ಒಂದಾಗಿ ಇಟ್ಟರು. ಮಣ್ಣಿನ ಕುಡಿಕೆ ಬಾಲೂ ಅವರ ಕರ್ಮವಾಗಿರಲಿಲ್ಲ. ಅಳತೆ ತಪ್ಪಿದ ಬೂಟು ನಮ್ಮ ಹುಡುಗಿಯ ಕರ್ಮವಾಗಿರಲಿಲ್ಲ. ಕಾರಣ ಹೊರಗಿದ್ದರೆ ಅದನ್ನು ಹೊರಗೇ ಸರಿಪಡಿಸಬೇಕು. ಅದನ್ನು ಬಿಟ್ಟು ಮಗುವಿಗೆ ಸಹಿಸಿಕೋ ಎನ್ನುವುದು ಖಂತಿಯ ಪಾಠ ಆಗುವುದಿಲ್ಲ.

*7. ಮತ್ತೆ ಮೈದಾನಕ್ಕೆ*

ನಾನು ಆಕೆಯ ಮನೆಗೆ ಹೋದೆ. "ತಪ್ಪು ನಂದವ್ವಾ. ಕಾಲು ನೋಡದ ಓಡಿಸಿದೆ" ಎಂದೆ. ಶಿಕ್ಷಕರು ವಿದ್ಯಾರ್ಥಿಗೆ ಹಾಗೆ ಹೇಳುವ ರೂಢಿ ನಮ್ಮ ಕಡೆ ಕಡಿಮೆ. ತಾಯಿಗೆ ಗಾಬರಿಯಾಗಿ, "ಹಂಗ್ಯಾಕಂತೀರಿ ಟೀಚರ್, ಚಾ ಕುಡೀರಿ" ಎಂದರು. ಹುಡುಗಿ ಏನೂ ಹೇಳಲಿಲ್ಲ. ನಾಲ್ಕೈದು ದಿನದ ಮೇಲೆ ತಾನಾಗಿಯೇ ಮೈದಾನದ ಅಂಚಿಗೆ ಬಂದು ನಿಂತಳು.

ಆಕೆಗೆ ಅಳತೆಯ ಬೂಟು ಕೊಡಿಸಿದೆ. ಮೂರನೆಯ ದಿನ ನೋಡಿದರೆ ಅದು ಇನ್ನೊಬ್ಬ ಹುಡುಗಿಯ ಕಾಲಲ್ಲಿ ಇತ್ತು, ಇವಳು ಬರಿಗಾಲಲ್ಲಿ ಓಡುತ್ತಿದ್ದಳು. ಯಾಕೆ ಎಂದು ಕೇಳಿದೆ.

"ಪಾಳಿ ಹಚ್ಚೇವ್ರೀ. ಅಕಿ ಕಾಲಾಗ ಮುಳ್ಳು ಮುರದೈತಿ, ಇವತ್ತ ಅಕಿ ಹಾಕ್ಕೊಳ್ಳಲಿ."

ಸೋಣ ಸಂಘಕ್ಕೆಲ್ಲ ಪಾದರಕ್ಷೆ ಕೇಳಿದ್ದು ಆಗ ನೆನಪಾಯಿತು. ಸಹೋದ್ಯೋಗಿಗಳೂ ಊರಿನ ಕೆಲವರೂ ಕೈಜೋಡಿಸಿದರು, ಓಡುವ ಒಂಬತ್ತು ಮಕ್ಕಳಿಗೂ ಬೂಟು ಬಂತು. ವಾರದಲ್ಲಿ ಎರಡು ದಿನ ಓಟ ಇಲ್ಲ ಎಂದು ನಿಯಮ ಮಾಡಿದೆವು. ಪ್ರತಿ ಮಗುವೂ ಒಂದು ಸಣ್ಣ ವಹಿಯಲ್ಲಿ ಎಷ್ಟು ಓಡಿದೆ, ಎಲ್ಲಿ ನೋವಿದೆ, ರಾತ್ರಿ ನಿದ್ದೆ ಬಂತೇ ಎಂದು ಬರೆಯಬೇಕು. ಕನ್ನಡ ಟೀಚರ್ ಅಲ್ಲವೇ, ಕಾಗುಣಿತವನ್ನೂ ತಿದ್ದುತ್ತೇನೆ. 😊 ವೀಣೆಯ ತಂತಿಯ ಕಥೆಯನ್ನು ಅವರಿಗೂ ಹೇಳಿದ್ದೇನೆ.

ಮರುವರ್ಷ ತಾಲ್ಲೂಕು ಮಟ್ಟದಲ್ಲಿ ಆಕೆ ನಾಲ್ಕನೆಯವಳಾಗಿ ಬಂದಳು. ಜಿಲ್ಲಾ ಮಟ್ಟಕ್ಕೆ ಆಯ್ಕೆ ಆಗಲಿಲ್ಲ. ಗೆದ್ದಳು ಎಂದು ಬರೆದಿದ್ದರೆ ನಿಮಗೆ ಓದಲು ಖುಷಿಯಾಗುತ್ತಿತ್ತು, ಆದರೆ ನಡೆದದ್ದು ಇಷ್ಟೇ. ಓಟ ಮುಗಿಸಿ ಬಂದು ನನ್ನ ಪಕ್ಕ ಕುಳಿತಳು. ನಾನು ಈ ಸಲ ಮಾತಾಡಲಿಲ್ಲ, ನೀರು ಕೊಟ್ಟೆ. ಸ್ವಲ್ಪ ಹೊತ್ತಿನ ಮೇಲೆ ಅವಳೇ ಹೇಳಿದಳು:

"ಎರಡ್ನೇ ಸುತ್ತಿನ್ಯಾಗ ಭಾಳ ಜೋರ ಹೋದ್ನಿರೀ ಟೀಚರ್. ತಂತಿ ಬಿಗಿ ಆತು."

ಹಿಂದಿನ ವರ್ಷ ಗೆರೆ ದಾಟಿ ಕುಳಿತವಳು ಈ ಸಲ ತನ್ನ ಸೋಲನ್ನು ತಾನೇ ಓದಿ ಹೇಳಿದಳು. ಅಳು ಇತ್ತು, ಅತ್ತಳು ಕೂಡ. ಆದರೆ ಎರಡನೆಯ ಬಾಣ ಇರಲಿಲ್ಲ. ಸೋಮವಾರ ಯಾರೂ ಕರೆಯದೆಯೇ ಮೈದಾನಕ್ಕೆ ಬಂದಿದ್ದಳು. ಕಾಲಲ್ಲಿ ಬೂಟು ಇರಲಿಲ್ಲ, ಅಂದು ಆಕೆಯ ವಿಶ್ರಾಂತಿಯ ದಿನ. ಸಣ್ಣ ಮಕ್ಕಳಿಗೆ ಸುತ್ತು ಎಣಿಸುತ್ತಾ ನಿಂತಿದ್ದಳು.

*ಇಂದಿನ ಅಭ್ಯಾಸ*

▪️ ನಾನು ಈಗ ಮಾಡುತ್ತಿರುವ ಒಂದು ಪ್ರಯತ್ನವನ್ನು ನೆನೆಯುತ್ತೇನೆ. ತಂತಿ ಬಿಗಿಯಾಗಿದೆಯೇ, ಸಡಿಲವಾಗಿದೆಯೇ? ಇವತ್ತು ಎಷ್ಟು ತಿರುಗಿಸಿದರೆ ಹದಕ್ಕೆ ಬರುತ್ತದೆ?

▪️ ಮನೆಯಲ್ಲಿ, ಶಾಲೆಯಲ್ಲಿ, ಹೊಲದಲ್ಲಿ ನಾನು ಯಾರಿಗಾದರೂ ಗಟ್ಟಿಯಾಗಿರು ಎಂದು ಹೇಳಿದ್ದರೆ, ಅವರ ಕಾಲನ್ನು ನೋಡಿದ್ದೇನೆಯೇ? ಇಲ್ಲವಾದರೆ ಇವತ್ತು ಕೇಳುತ್ತೇನೆ.

▪️ ಸಂಜೆ ಹತ್ತು ನಿಮಿಷ ಆನಾಪಾನ. ಮನಸ್ಸು ಓಡಿಹೋದರೆ ಬೈಯದೆ ಮರಳಿ ಕರೆತರುತ್ತೇನೆ. ಎಷ್ಟು ಸಲ ಓಡಿದರೂ ಅಷ್ಟು ಸಲ. ಇದೂ ವಿರಿಯವೇ.

ಭಾನುವಾರದ ಓದಿನಲ್ಲಿ ಖಂತಿ ಪಾರಮಿ. ನಿಮ್ಮ ನಿಮ್ಮ ಊರಿನ ಮೈದಾನದ ಅನುಭವ ಇದ್ದರೆ ತಪ್ಪದೆ ಹಂಚಿಕೊಳ್ಳಿ, ಸೋತದ್ದನ್ನೂ ಬರೆಯಿರಿ.

ಎಲ್ಲ ಜೀವಿಗಳೂ ಸುಖವಾಗಿರಲಿ. ಸಾಧು, ಸಾಧು, ಸಾಧು. 🙏